ಗೋಡೆ ಕಿತ್ತು ತಂದ ಕ್ರಯಪತ್ರ

"ಪತ್ರ ಎಲ್ಲಿದೆ ಅಂತ ಕೇಳಿದೆ. ನಿನ್ನ ಗಂಡ ಎಂದು ಸತ್ತ, ನಿನ್ನ ಕೋಳಿ ಎಷ್ಟು ಮೊಟ್ಟೆ ಇಡುತ್ತೆ ಅಂತ ಕೇಳಿದ್ನಾ ನಾನು? ಬಾಯಿ ಬಿಟ್ಟರೆ ಪುರಾಣ. ಪತ್ರ ಎಲ್ಲೇ ಮುದುಕಿ?"

ಕೌಂಟಿ ಕಚೇರಿಯ ರಿಜಿಸ್ಟ್ರಾರ್ ಪ್ರೌಟ್, ಕೈಯಲ್ಲಿದ್ದ ಪೆನ್ಸಿಲಿನ ತುದಿಯನ್ನು ಡಾರ್ಕಸಳ ಮೂಗಿಗೆ ತಾಗಿಸಿಯೂ ತಾಗಿಸದ ಹಾಗೆ ಹಿಡಿದಿದ್ದ. ಅವನ ಹಿಂದೆ ಫ್ಯಾನು ತಿರುಗುತ್ತಿತ್ತು. ಅದರ ಗಾಳಿ ಕೌಂಟರಿನ ಆ ಕಡೆಗೆ ಮಾತ್ರ ಬೀಸುತ್ತಿತ್ತು.

"ಮನೇಲೈತೆ ಬುದ್ಧೀ," ಅಂದಳು ಡಾರ್ಕಸ್.

"ಮನೇಲಿ ಎಲ್ಲಿ? ಪೆಟ್ಟಿಗೇಲೋ, ಬೈಬಲ್ ಒಳಗೋ?"

"ಗ್ವಾಡೇಲಿ."

"ಗೋಡೇಲಿ?"

"ಅಂಟ್ಸಿವ್ನಿ ಬುದ್ಧೀ. ಗಂಜಿ ಹಾಕಿ. ಎದೆಯೇರಿ ಓದ್ಲಿ ಅಂತ."

ಪ್ರೌಟ್ ಪೆನ್ಸಿಲ್ ಇಳಿಸಿದ. ಆಮೇಲೆ ನಿಧಾನವಾಗಿ ಕುರ್ಚಿಯಲ್ಲಿ ಒರಗಿ ನಗಲು ಶುರುಮಾಡಿದ. ಟೈಪು ಮಾಡುತ್ತಿದ್ದ ಹುಡುಗಿ ಕೈ ನಿಲ್ಲಿಸಿ "ಏನಂತೆ ಸರ್?" ಅಂತ ಕೇಳಿದಳು. ಪ್ರೌಟ್ ಹೇಳಿದ. ಅವಳೂ ನಕ್ಕಳು. ಡಾರ್ಕಸಳ ಪಕ್ಕದಲ್ಲಿ ಟೈ ಕಟ್ಟಿಕೊಂಡು ನಿಂತಿದ್ದ ಅವಳ ತಂಗಿಯ ಮಗ ಹೆಜೆಕಾಯ ಟೈ ಸಡಿಲಿಸಿಕೊಂಡ. ನೆಲದ ಚೌಕಳಿ ಕಲ್ಲು ನೋಡಿದ. ದೊಡ್ಡವ್ವನ ಮೇಲೆ ಸಿಟ್ಟು ಬಂತು, ಪ್ರೌಟ್ ಮೇಲಲ್ಲ.

ಎದೆಯೇರಿ ಅಂದರೆ ನಮ್ಮ ದ್ವೀಪದಲ್ಲಿ ಯಾರೂ ನಗುವುದಿಲ್ಲ. ಕತ್ತಲಾದ ಮೇಲೆ ತನ್ನ ತೊಗಲು ಕಳಚಿಟ್ಟು ಬರುವ ಮುದುಕಿ ಅವಳು. ಮಲಗಿದವರ ಎದೆ ಹತ್ತಿ ಕೂತು ಉಸಿರು ಹೀರುತ್ತಾಳೆ. ಆದರೆ ಅವಳಿಗೊಂದು ಚಟ. ಕಣ್ಣಿಗೆ ಬಿದ್ದ ಅಕ್ಷರವನ್ನೆಲ್ಲ, ಒಂದೂ ಬಿಡದೆ ಓದಿ ಮುಗಿಸದೆ ಹಾಸಿಗೆ ಹತ್ತುವ ಹಾಗಿಲ್ಲ. ಹಾಗಾಗಿ ನಮ್ಮ ಎಲ್ಲರ ಮನೆಯ ಒಳಗೋಡೆಗೂ ಬಿಳಿಯರು ಓದಿ ಬಿಸಾಕಿದ ಪತ್ರಿಕೆಗಳನ್ನು ಗಂಜಿ ಹಚ್ಚಿ ಮೆತ್ತಿರುತ್ತೇವೆ. ಮಲಬದ್ಧತೆಯ ಮಾತ್ರೆ, ಹತ್ತಿಯ ಧಾರಣೆ, ಹೆಂಗಸರು ಸೊಂಟಕ್ಕೆ ಬಿಗಿಯುವ ಕಾರ್ಸೆಟ್ಟು. ಅವಳು ಓದುತ್ತ ಓದುತ್ತ ಕೋಳಿ ಕೂಗಬೇಕು. ನಮಗೆ ಓದಲು ಬಿಡದವರು ನಮ್ಮ ದೆವ್ವಕ್ಕೆ ಮಾತ್ರ ಒಳ್ಳೇ ಗ್ರಂಥಾಲಯ ಕೊಟ್ಟಿದ್ದರು.

ಡಾರ್ಕಸಳ ಗಂಡ ಸೈಮನ್ ಸತ್ತ ವಾರವೇ ಅವಳ ಎದೆ ಹಿಡಿಯತೊಡಗಿತ್ತು. ಮನೆಯಲ್ಲಿದ್ದ ಕಾಗದಗಳಲ್ಲೆಲ್ಲ ಅತಿ ದಟ್ಟವಾದ, ಅತಿ ಗೋಜಲಾದ ಕಾಗದ ಯಾವುದೆಂದು ಹುಡುಕಿದಳು. ಸಿಕ್ಕಿದ್ದು ಜಮೀನಿನ ಕ್ರಯಪತ್ರ. ಬಿಳಿಯ ಜಮೀನ್ದಾರ ಮುದುಕ ಟ್ಯಾಲ್ಬರ್ಟ್ ಬದುಕಿದ್ದಾಗ, ಸೈಮನ್ ಅವನ ಹೊಲದಲ್ಲಿ ಸೊಂಟ ಮುರಿದುಕೊಂಡು ದುಡಿದದ್ದಕ್ಕೆ ಬರೆದುಕೊಟ್ಟದ್ದು. 'ಸದರಿ ಸ್ವತ್ತಿನ ಚಕ್ಕುಬಂದಿ, ಪೂರ್ವಕ್ಕೆ ಸಮುದ್ರ, ಪಶ್ಚಿಮಕ್ಕೆ ಜೌಗು, ಮೇಲ್ಕಂಡ ಕೆಳಕಂಡ, ಪುತ್ರ ಪೌತ್ರ ಪಾರಂಪರ್ಯವಾಗಿ ಸುಖದಿಂದ ಅನುಭವಿಸಿಕೊಂಡು ಬರತಕ್ಕದ್ದು.' ಎಂಥಾ ಎದೆಯೇರಿಯಾದರೂ 'ಮೇಲ್ಕಂಡ'ದ ಹತ್ತಿರ ಎಡವಿ ಬೀಳಬೇಕು. ತಲೆದಿಂಬಿನ ಮೇಲ್ಗಡೆ ಅದನ್ನು ಅಂಟಿಸಿದಳು. ಅವತ್ತಿನಿಂದ ನಿದ್ದೆ ಬಂತು. ಪತ್ರ ಕೈಯಲ್ಲಿದ್ದರೆ ಜಮೀನು ನಮ್ಮದು ಅಂದುಕೊಂಡಿದ್ದವರು ನಾವು. ಅದನ್ನು ಕೌಂಟಿಯ ಪುಸ್ತಕಕ್ಕೂ ಏರಿಸಬೇಕೆಂದು ಯಾವನು ಹೇಳಿದ್ದ?

ದ್ವೀಪಕ್ಕೆ ಸೇತುವೆ ಬಂದ ಮೇಲೆ ಗೊತ್ತಾಯಿತು. ಸೇತುವೆಯ ಹಿಂದೆಯೇ ಹೋಟೆಲಿನವರು ಬಂದರು. ಟ್ಯಾಲ್ಬರ್ಟನ ತಮ್ಮನ ಮಗ ಪೂರ್ವದ ದಡವನ್ನೆಲ್ಲ ಅವರಿಗೆ ಮಾರಿದ. ಮಾರಿದ್ದರಲ್ಲಿ ಡಾರ್ಕಸಳ ಮನೆ, ಬೆಂಡೆಕಾಯಿ ಮಡಿ, ಸೈಮನ್‌ನ ಗೋರಿ, ಎಲ್ಲವೂ ಇತ್ತು.

ಪ್ರೌಟ್ ಕಣ್ಣೊರೆಸಿಕೊಂಡ. "ನೋಡು ಆಂಟಿ, ಕಂಪನಿ ವಕೀಲರು ಶುಕ್ರವಾರ ಅವರ ಪತ್ರ ತರ್ತಾರೆ. ಈ ರಾಜ್ಯದಲ್ಲಿ ಮೊದಲು ಯಾರ ಪತ್ರಕ್ಕೆ ಮೊಹರು ಬಿದ್ದು ಪುಸ್ತಕಕ್ಕೆ ಹತ್ತುತ್ತೋ ಜಮೀನು ಅವರದು. ಅಷ್ಟೇ. ಅದಕ್ಕಿಂತ ಮುಂಚೆ ಮೂಲ ಪತ್ರ ತಂದು ಈ ಕೌಂಟರ್ ಮೇಲಿಡು, ಏರಿಸ್ತೀನಿ. ನಕಲು ಬೇಡ, ಪುರಾಣ ಬೇಡ. ಮೂಲ. ಗೋಡೆ ಇಲ್ಲಿಗೆ ನಡ್ಕೊಂಡು ಬರೋದಾದ್ರೆ ಬರ್ಲಿ."

ಹಿಂಬಾಗಿಲಿನಿಂದ ಹೊರಬಂದು ಮೆಟ್ಟಿಲ ಮೇಲೆ ಕೂತರು. ಕರಿಯರಾದ ನಮ್ಮವರಿಗೆ ಇದ್ದದ್ದು ಅದೊಂದೇ ಬಾಗಿಲು. ಡಾರ್ಕಸ್ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಗೆಣಸು ಬಿಚ್ಚಿದಳು, ತಿನ್ನಲಿಲ್ಲ.

"ಯಾಕ್ ದೊಡ್ಡವ್ವ, ತಿನ್ನು."

"ತಡಿಯೋ. ಆ ಪೆನ್ಸಿಲ್ ಇನ್ನೂ ಮೂಗ್ ಮುಂದೇನೇ ಇದ್ದಂಗೈತೆ."

ಹೆಜೆಕಾಯ ನಮ್ಮ ದ್ವೀಪದ ಶಾಲೆಯ ಮೇಷ್ಟ್ರು, ಕಾಲೇಜು ಕಂಡು ಬಂದವನು. ಆದರೆ ನಮಗೆಲ್ಲ ಅವನು ಬೇಕಾಗಿದ್ದು ಬೇರೆಯದಕ್ಕೆ. ಅವನ ಗಂಟಲಲ್ಲಿ ಊರಿಗೆ ಊರೇ ಕೂತಿತ್ತು. ಪಾದ್ರಿಯಂತೆ ಕೆಮ್ಮುತ್ತಿದ್ದ, ಸೀಗಡಿ ವ್ಯಾಪಾರಿಯಂತೆ ತೂಕದಲ್ಲಿ ಮೋಸ ಮಾಡುತ್ತಿದ್ದ, ಮೋಟಾರು ದೋಣಿಯಂತೆ ಕೆಟ್ಟು ನಿಲ್ಲುತ್ತಿದ್ದ. ಈಗ ಗೆಣಸೊಂದನ್ನು ಪೆನ್ಸಿಲ್ಲಿನ ಹಾಗೆ ಹಿಡಿದ. ಹೊಟ್ಟೆ ಮುಂದಕ್ಕೆ ತಂದ. ಮೂಗಿನಲ್ಲಿ ಮಾತಾಡಿದ: "ನಿನ್ನ ಕೋಳಿ ಎಷ್ಟು ಮೊಟ್ಟೆ ಇಡುತ್ತೆ ಅಂತ ಕೇಳಿದ್ನಾ ನಾನೂ? ಇದು ಕೌಂಟಿ ಆಫೀಸು! ಇಲ್ಲಿ ಮೊಟ್ಟೆ ಇಡೋದು ನಾನೊಬ್ಬನೇ!"

ಡಾರ್ಕಸ್ ಬಾಯಿಗೆ ಕೈ ಅಡ್ಡ ಹಿಡಿದು ಮೈಯೆಲ್ಲ ಕುಲುಕಿಸಿ ನಕ್ಕಳು. "ಬುಡ್ಲಾ, ಬುಡ್ಲಾ ಬಡ್ಡೆತ್ತದೆ, ಯಾರಾನ ಕೇಳ್ಕಂಡಾರು." ಗೆಣಸು ತಿಂದಳು.

ಮೇಲ್ಗಡೆ ಒಂದು ಕಿಟಕಿ ಸದ್ದಿಲ್ಲದೆ ಮುಚ್ಚಿಕೊಂಡಿತು. ಇಬ್ಬರೂ ನೋಡಲಿಲ್ಲ.

ಪತ್ರ ಗೋಡೆ ಬಿಟ್ಟು ಬರಲಿಲ್ಲ. ಹೆಜೆಕಾಯ ಕೆಟಲಿನ ಹಬೆ ಹಿಡಿದ, ಒದ್ದೆ ಬಟ್ಟೆ ಒತ್ತಿದ, ಕ್ಷೌರದ ಬ್ಲೇಡು ತೂರಿಸಿದ. ಡಾರ್ಕಸಳ ಗಂಜಿ ಅವಳಷ್ಟೇ ಹಟಮಾರಿ. ಮೂಲೆಯಲ್ಲಿ ಟ್ಯಾಲ್ಬರ್ಟನ ಸಹಿ ಇತ್ತು. ಬ್ಲೇಡಿಗೆ ಅದರ ಬಾಲ ಸುಲಿದು ಬಂದಾಗ ಹೆಜೆಕಾಯ ಕೈ ಹಿಂದಕ್ಕೆ ಎಳೆದುಕೊಂಡ.

"ಇನ್ನೊಂದ್ ಚೂರ್ ಎಳದ್ರೆ ಸಹಿನೇ ಹೋಯ್ತದೆ ದೊಡ್ಡವ್ವ."

ಡಾರ್ಕಸ್ ಮಂಚದ ಮೇಲೆ ಕೂತು ನೋಡುತ್ತಿದ್ದಳು. "ಗ್ವಾಡೆ ಕುಯ್ಯಿ," ಅಂದಳು.

ಪಕ್ಕದ ಮನೆಯ ಕಫಿ ಮಾವ, ಸೀಗಡಿ ಲಾರಿಯವನು, ಗರಗಸ ತಂದ. "ಕುಯ್ಯದೇನೋ ಕುಯ್ತೀನಿ ಅಕ್ಕಯ್ಯ. ಆಮ್ಯಾಕೆ ಎದೆಯೇರಿ ಬಂದ್ರೆ? ಅವಳ್ಗೆ ಬ್ಯಾರೆ ಬಾಗ್ಲೇ ಮಾಡ್ಕೊಟ್ಟಂಗಾಯ್ತದಲ್ಲ."

"ಬರ್ಲಿ ಬುಡು. ಶುಕ್ರವಾರ್ದ ತನಕ ಎದ್ದಿರ್ತೀನಿ. ಮಲಿಕ್ಕಂಡ್ರೆ ತಾನೆ ಎದೆ ಹತ್ತದು?"

ಗರಗಸ ಆಡಿತು. ಹಳೆಯ ಪೈನ್ ಹಲಗೆ ಗೋಡೆಯಿಂದ ಬಿಟ್ಟುಬಂದಾಗ, ಮಂಚದ ತಲೆಯ ಕಡೆ ಚೌಕವಾಗಿ ಸಮುದ್ರ ಕಾಣಿಸಿತು. ಹಲಗೆಯ ನಡುವೆ ಕ್ರಯಪತ್ರ. ಅದರ ಬಲಕ್ಕೆ ಕಾರ್ಸೆಟ್ ತೊಟ್ಟ ಬಿಳಿ ಹೆಂಗಸು ಕೈ ಸೊಂಟಕ್ಕಿಟ್ಟು ನಿಂತಿದ್ದಳು. ಎಡಕ್ಕೆ ಮಲಬದ್ಧತೆ. ಹೆಜೆಕಾಯ ಬ್ಲೇಡಿನಿಂದ ಕಾರ್ಸೆಟ್ಟನ್ನು ಕೆರೆಯಲು ಹೋದ.

"ಏ, ಅದ್ನ್ಯಾಕ್ಲಾ ಕೀಳ್ತೀಯೆ?"

"ಕಚೇರಿಗೆ ಹೋಗೋದು ದೊಡ್ಡವ್ವ. ಮಾನ ಮರ್ವಾದೆ ಅಂತ ಒಂದೈತಲ್ಲ."

"ಅದ್ಯಾರ್ದ್ಲಾ ಮಾನ? ಆ ಎಂಗ್ಸು ಅವರವಳು, ನಮ್ಮೋಳಲ್ಲ. ಇರ್ಲಿ ಬುಡು. ಅದ್ನೂ ಓದ್ಲಿ."

ಕಫಿ ಮಾವ ಬಿದ್ದು ಬಿದ್ದು ನಕ್ಕ. ಹೆಜೆಕಾಯನೂ ನಕ್ಕ. ಆದರೆ ಶುಕ್ರವಾರ ಬೆಳಗ್ಗೆ ಹಲಗೆಗೆ ಬಿಳಿ ಹೊದಿಕೆ ಸುತ್ತಿದ್ದು ಅವನೇ. ಪೇಟೆಯ ಬೀದಿಯಲ್ಲಿ ಅದರ ಒಂದು ತುದಿ ಅವನ ಹೆಗಲ ಮೇಲೆ, ಇನ್ನೊಂದು ಡಾರ್ಕಸಳ ಹೆಗಲ ಮೇಲೆ. ಅಂಗಡಿ ಮುಂದೆ ಕೂತಿದ್ದ ನಮ್ಮ ಮುದುಕನೊಬ್ಬ ಎದ್ದು ಟೋಪಿ ತೆಗೆದ.

"ಯಾರವ್ವಾ ತೀರ್ಕಂಡಿದ್ದು?"

"ಯಾರೂ ಇಲ್ಲ ಕಣಪ್ಪ," ಅಂದಳು ಡಾರ್ಕಸ್. "ನಮ್ಮನೆ ಗ್ವಾಡೆ. ರಿಜಿಸ್ಟ್ರಿ ಮಾಡ್ಸಾಕೆ."

ಮುದುಕ ಟೋಪಿಯನ್ನು ತಲೆಗೂ ಇಡಲಾರದೆ ಕೈಯಲ್ಲೂ ಹಿಡಿಯಲಾರದೆ ನಿಂತ. ಹೆಜೆಕಾಯ ಹೆಜ್ಜೆ ಜೋರು ಮಾಡಿದ.

ಹಿಂಬಾಗಿಲ ಓಣಿಯ ತಿರುವಿನಲ್ಲಿ ಹಲಗೆ ಸಿಕ್ಕಿಕೊಂಡಿತು. ನೆಟ್ಟಗೆ ನಿಲ್ಲಿಸಿ, ಓರೆ ಮಾಡಿ, ಮಗುವನ್ನು ಮಗ್ಗುಲಾಗಿಸಿದಂತೆ ಮಗ್ಗುಲಾಗಿಸಿ ಒಳತಂದರು. ಬೆಂಚಿನಲ್ಲಿ ಕೂತರು. ಕಚೇರಿ ತೆರೆಯುವ ಮುನ್ನವೇ ಬಂದಿದ್ದರು. ತೆರೆದ ಮೇಲೆ ಮುಂಬಾಗಿಲಿನಿಂದ ಒಬ್ಬ ಬಿಳಿಯ ಬಂದ, ಅವನ ಕೆಲಸವಾಯಿತು. ಇನ್ನೊಬ್ಬ ಬಂದ, ಅವನದೂ ಆಯಿತು. ಒಬ್ಬ ಹೆಂಗಸು ನಾಯಿಯ ಲೈಸೆನ್ಸಿಗೆ ಬಂದಳು. ನಾಯಿಯನ್ನೂ ಕರೆತಂದಿದ್ದಳು. ನಾಯಿ ಹೊದಿಕೆಯನ್ನು ಮೂಸಿತು. ಅದರ ಕೆಲಸವೂ ಆಯಿತು.

"ಕೂಗ್ಲಾ ಅವನ್ನ," ಅಂದಳು ಡಾರ್ಕಸ್ ಪಿಸುದನಿಯಲ್ಲಿ.

"ತಡಿ ದೊಡ್ಡವ್ವ. ಕೂಗಿದ್ರೆ ಸಿಟ್ಟಾಯ್ತಾನೆ. ಅವ್ನಾಗೇ ಕರೀಲಿ."

ಕೌಂಟರಿನ ಮುಂದೆ ಯಾರೂ ಇಲ್ಲದಾದಾಗ ಪ್ರೌಟ್ ತಲೆಯೆತ್ತಿದ. ಹೊದಿಕೆ ನೋಡಿದ. "ಬಿಚ್ಚು."

ಹೆಜೆಕಾಯ ಬಿಚ್ಚಿದ. ಕಾರ್ಸೆಟ್ಟಿನವಳು ಮೊದಲು ಕಂಡಳು. ಟೈಪಿನ ಹುಡುಗಿ ಕಿಸಕ್ಕೆಂದಳು.

"ನಿಜವಾಗ್ಲೂ ಗೋಡೆ ಕಿತ್ಕೊಂಡು ಬಂದಿದೀಯಲ್ಲೋ ಬೋಳಿಮಗನೇ," ಅಂದ ಪ್ರೌಟ್. ಬೈಗುಳದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಹೆಜೆಕಾಯನಿಗೆ ಇಷ್ಟು ಭಯವಾಗುತ್ತಿರಲಿಲ್ಲ. "ಸರಿ. ಮಾತು ಕೊಟ್ಟಿದೀನಿ, ಏರಿಸೋಣ. ಅದಕ್ಕೆ ಮುಂಚೆ ಒಂದು ಕೆಲಸ. ನೀನು ನನ್ನ ಹಾಗೆ ಮಾತಾಡ್ತೀಯಂತೆ?"

ಹೆಜೆಕಾಯ ಬಿಚ್ಚಿದ ಹೊದಿಕೆಯನ್ನು ಮಡಚತೊಡಗಿದ.

"ಆ ಮೆಟ್ಟಿಲ ಮೇಲೆ ಕೂತ್ಕೊಂಡು. ಮಿಸ್ ಲೋರೀನ್ ಕೇಳಿಸ್ಕೊಂಡಿದಾಳೆ. ಭಾಳ ಚೆನ್ನಾಗಿ ಮಾಡ್ತೀಯಂತೆ. ಮಾಡು ನೋಡೋಣ. ನಾವೂ ಕೇಳ್ತೀವಿ."

ಟೈಪಿನ ಹುಡುಗಿ ಲೋರೀನ್ ಕಿಟಕಿಯ ಕಡೆ ನೋಡಿದಳು. ಒಳಕೋಣೆಯಿಂದ ಇಬ್ಬರು ಗುಮಾಸ್ತರು ಬಾಗಿಲಿಗೆ ಬಂದು ನಿಂತರು. ಒಬ್ಬನ ಕೈ ಪ್ಯಾಂಟಿನ ಬೆಲ್ಟಿನ ಮೇಲಿತ್ತು.

"ಇಲ್ಲ ಬುದ್ಧೀ. ನಾನು... ತಮ್ಮಂಥೋರ್ದು ಮಾಡ್ತೀನಾ ಬುದ್ಧೀ? ನಮ್ಮ ಜನದ್ದು ಮಾಡ್ತೀನಿ. ನಮ್ಮ ಜನದ್ದು ಮಾತ್ರ."

ಮೇಷ್ಟ್ರ ಭಾಷೆ ಅವನ ಬಾಯಿಂದ ಯಾವಾಗ ಜಾರಿಹೋಯಿತೋ ಅವನಿಗೇ ತಿಳಿಯಲಿಲ್ಲ.

"ಹೌದಾ?" ಪ್ರೌಟ್ ಪೆನ್ಸಿಲನ್ನು ಡಾರ್ಕಸಳ ಕಡೆ ತಿರುಗಿಸಿದ. "ಹಾಗಾದ್ರೆ ಇವಳನ್ನ ಮಾಡು. ಆ ದೆವ್ವದ ಕತೆ. ಇವಳ ಹಾಗೇ ಹೇಳು. ನಗು ಬಂದರೆ ಪುಸ್ತಕ ತೆಗೀತೀನಿ."

ಡಾರ್ಕಸ್ ಹಲಗೆಯನ್ನು ತನ್ನ ಮುಂದೆ ನೆಟ್ಟಗೆ ನಿಲ್ಲಿಸಿ ಎರಡೂ ಕೈಯಲ್ಲಿ ಹಿಡಿದಿದ್ದಳು. ಅವಳ ಮುಖ ಹಲಗೆಯ ಹಿಂದಿತ್ತು. ಬೆರಳುಗಳು ಮಾತ್ರ ಅಂಚಿನಲ್ಲಿ ಕಾಣುತ್ತಿದ್ದವು.

"ದೊಡ್ಡವ್ವ," ಅಂದ ಹೆಜೆಕಾಯ ಮೆಲ್ಲಗೆ.

ಅಂಚಿನ ಬೆರಳುಗಳು ಹಲಗೆಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡವು.

ಅವನು ಶುರುಮಾಡಿದ. ಬೆನ್ನು ಬಾಗಿಸಿದ. ಪ್ರತಿ ಮಾತಿಗೂ ಮುಂಚೆ ಅವಳು ಮೂಗೇರಿಸುವ ಹಾಗೆ ಮೂಗೇರಿಸಿದ. ಮುಂದಿನ ಹಲ್ಲಿಲ್ಲದ ಸಂದಿನಲ್ಲಿ ಅವಳ ಮಾತು ಸಿಳ್ಳೆ ಹೊಡೆಯುವ ಹಾಗೆ ಸಿಳ್ಳೆ ಹೊಡೆಸಿದ. "ಅಯ್ ಬುದ್ಧೀಸ್... ಎದೆಯೇರಿ ಬಂದ್ಲು ಕಣ್ ಬುದ್ಧೀಸ್... ತೊಗಲ್ ಬಿಚ್ಚಿ ಬಾಗ್ಲಿಗ್ ನ್ಯಾತಾಕಿ..." ಗುಮಾಸ್ತರು ನಕ್ಕರು. ಪ್ರೌಟ್ ನಗಲಿಲ್ಲ. ಅವನ ಕೈ ಪುಸ್ತಕದ ಮೇಲಿತ್ತು, ಪುಸ್ತಕ ಮುಚ್ಚಿಯೇ ಇತ್ತು.

ಹೆಜೆಕಾಯ ಇನ್ನಷ್ಟು ಬಾಗಿದ. ಎದೆಯೇರಿ ಕನ್ನಡಕ ಹಾಕಿಕೊಂಡು ಮಲಬದ್ಧತೆಯ ಜಾಹೀರಾತು ಓದಿ, ಹೊಟ್ಟೆ ಹಿಡಿದುಕೊಂಡು ಓಡಿಹೋದದ್ದನ್ನು ಮಾಡಿದ. ಲೋರೀನ್ ಮೇಜಿಗೆ ತಲೆಯಿಟ್ಟಳು. ಪ್ರೌಟ್‌ನ ಕೆನ್ನೆ ಅಲುಗಿತು. ಇನ್ನೊಂದು ಬೇಕಿತ್ತು, ಒಂದೇ ಒಂದು. ಹೆಜೆಕಾಯ ತನ್ನಲ್ಲಿದ್ದದ್ದನ್ನೆಲ್ಲ ಹುಡುಕಿದ. ತಾಯಿ ಸತ್ತ ಮೇಲೆ ಅವನು ಬೆಳೆದದ್ದು ಆ ಮನೆಯಲ್ಲಿ. ದೀಪ ಆರಿದ ಮೇಲೆ ದೊಡ್ಡವ್ವ ಕೈಚಾಚಿ, ಕ್ರಯಪತ್ರದ ತಳದಲ್ಲಿ ಸೈಮನ್ ಹಾಕಿದ್ದ ಗೀಟು ಗುರುತನ್ನು ಬೆರಳಿನಿಂದ ಮುಟ್ಟಿ ಹೇಳುತ್ತಿದ್ದ ಮಾತು ಅವನೊಬ್ಬನಿಗೇ ಗೊತ್ತಿತ್ತು.

ಕೈಚಾಚಿದ. ಗಾಳಿಯಲ್ಲಿ ಬೆರಳಾಡಿಸಿದ.

"ಮಲಿಕ್ಕಂಡ್ಯಾ ಸೈಮಾ?" ಅಂದ, ಅವಳ ದನಿಯಲ್ಲಿ. "ಒಸಿ ಅತ್ಲಾಗ್ ಸರ್ಕೋ ಸೈಮಾ. ಬರ್ತೀನಿ."

ಪ್ರೌಟ್ ನಕ್ಕ. ಕುರ್ಚಿ ಕಿರುಗುಟ್ಟುವಂತೆ, ಕಣ್ಣಲ್ಲಿ ನೀರು ಬರುವಂತೆ ನಕ್ಕ. ಗುಮಾಸ್ತರು ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡರು. ಆ ಗದ್ದಲದಲ್ಲಿ ಎಲ್ಲೋ ಒಂದು ಕಡೆ ಠಪ್ ಅಂತ ಸದ್ದಾಯಿತು. ನಗು ತಡೆಯಲಾರದೆ ಯಾರೋ ಮೇಜು ಗುದ್ದಿದರು ಅಂದುಕೊಂಡ ಹೆಜೆಕಾಯ. ಗೆದ್ದೆ ಅಂದುಕೊಂಡ. ಇನ್ನೊಂದು ಸಲ ಹೇಳಿದ: "ಸರ್ಕೋ ಸೈಮಾ."

ನಗು ಇಳಿಯಿತು. ಪ್ರೌಟ್ ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡು "ಭೇಷ್," ಅಂದ. "ಲೋರೀನ್, ಮೊಹರು ಕೊಡು. ಇವರದ್ದು ಏರಿಸೋಣ."

ಲೋರೀನ್ ಯಾವಾಗಲೋ ಎದ್ದು ಪಕ್ಕದ ಕೌಂಟರಿನ ಕಿಟಕಿಗೆ ಹೋಗಿದ್ದಳು. ಅವಳ ಮುಂದೆ ಬಿಳಿ ಸೂಟಿನ ವಕೀಲನೊಬ್ಬ ತನ್ನ ಕಾಗದವನ್ನು ಮಡಚಿ ಜೇಬಿಗಿಡುತ್ತಿದ್ದ. ಅವನ ಮುಖದಲ್ಲೂ ನಗು ಇನ್ನೂ ಆರಿರಲಿಲ್ಲ. ಲೋರೀನ್‌ಳ ಕೈಯಲ್ಲಿ ಮೊಹರಿತ್ತು. ಇನ್ನೊಂದು ಕೈಯಲ್ಲಿ ಅವಳೂ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಈಗ ತಾನೇ ಹಾಕಿದೆ ಸರ್. ಹೋಟೆಲ್ ಕಂಪನೀದು. ಪೂರ್ವಕ್ಕೆ ಸಮುದ್ರ, ಪಶ್ಚಿಮಕ್ಕೆ ಜೌಗು..." ಅವಳು ಹಲಗೆಯ ಕಡೆ ನೋಡಿದಳು. "ಇದೇ ಅಲ್ವಾ?"

ವಕೀಲ ಹೋಗುತ್ತ ಹೆಜೆಕಾಯನ ಹೆಗಲು ತಟ್ಟಿದ. "ನಿನ್ನಲ್ಲಿ ಕಲೆ ಇದೆ ಕಣಯ್ಯ. ಹೋಟೆಲ್ ಶುರುವಾದ ಮೇಲೆ ಬಾ. ಸಂಜೆ ಹೊತ್ತು ಅತಿಥಿಗಳಿಗೆ ಇಂಥದ್ದೆಲ್ಲ ಬೇಕಾಗುತ್ತೆ."

ಪ್ರೌಟ್ ಕೈ ಚೆಲ್ಲಿದ. "ನಾನೇನು ಮಾಡ್ಲಿ? ನಗಿಸಿ ನಗಿಸಿ ನೀನೇ ಹೊತ್ತು ಕಳೆದೆ. ಬೇಕಾದ್ರೆ ಈಗ್ಲೂ ಏರಿಸ್ತೀನಿ. ಅವರದ್ದರ ಕೆಳಗೆ ಬರುತ್ತೆ, ಅಷ್ಟೇ. ಪ್ರಯೋಜನ ಇಲ್ಲ, ಆದ್ರೆ ಪುಸ್ತಕದಲ್ಲಿರುತ್ತೆ."

ಡಾರ್ಕಸ್ ಹಲಗೆಯ ಪಕ್ಕದಿಂದ ಮುಖ ತೋರಿಸಿದಳು. ಅದರಲ್ಲಿ ಅಳು ಇರಲಿಲ್ಲ. ಇದ್ದಿದ್ದರೆ ಹೆಜೆಕಾಯ ಕಾಲು ಹಿಡಿಯಬಹುದಿತ್ತು.

"ಬ್ಯಾಡ," ಅಂದಳು. ಬುದ್ಧೀ ಅನ್ನಲಿಲ್ಲ. "ಒಬ್ಬನ ಪಕ್ಕ ಮಲಿಕ್ಕಂಡೋಳು ನಾನು. ನಿನ್ ಬುಕ್ಕದಾಗೆ ಆ ಸೂಳೆಮಕ್ಕಳ ಕೆಳಗೆ ಮಲಿಕ್ಕಳಾಕಿಲ್ಲ."

ಯಾರೂ ನಗಲಿಲ್ಲ. ಅವಳು ಹಲಗೆಯನ್ನು ಒಬ್ಬಳೇ ಬೆನ್ನಿಗೆ ಹಾಕಿಕೊಂಡಳು. ಹೆಜೆಕಾಯ ತುದಿ ಹಿಡಿಯಲು ಹೋದ. ಅವಳು ಮೈ ತಿರುಗಿಸಿದಳು, ಅವನ ಕೈ ಗಾಳಿಯಲ್ಲಿ ಉಳಿಯಿತು. ಹಿಂಬಾಗಿಲ ತಿರುವಿನಲ್ಲಿ ಒಬ್ಬಳೇ ಹಲಗೆ ತಿರುಗಿಸಲಾಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಮುಂಬಾಗಿಲಿನ ಕಡೆ ನಡೆದಳು. ನಾಯಿಯ ಹೆಂಗಸು ಬಂದುಹೋದ ದಾರಿಯಲ್ಲೇ ನಡೆದು, ಎರಡೂ ಕದಗಳನ್ನು ಹಲಗೆಯಿಂದಲೇ ತಳ್ಳಿ, ಬಿಸಿಲಿಗೆ ಇಳಿದಳು. ಬೆಲ್ಟಿನ ಮೇಲೆ ಕೈಯಿಟ್ಟಿದ್ದ ಗುಮಾಸ್ತ ಪ್ರೌಟ್‌ನ ಮುಖ ನೋಡಿದ. ಪ್ರೌಟ್ ಪೆನ್ಸಿಲ್ ನೋಡುತ್ತಿದ್ದ.

ಲಾರಿಯಲ್ಲಿ ಕಫಿ ಮಾವ "ಆಯ್ತಾ ಕೆಲ್ಸ?" ಅಂತ ಕೇಳಿದ. ಡಾರ್ಕಸ್ ಹಲಗೆಯನ್ನು ಲಾರಿಯ ಹಿಂದಕ್ಕೆ ಏರಿಸಿದಳು. ಸೇತುವೆ ಬರುವತನಕ ಮೂರು ಸಲ ಹೆಜೆಕಾಯ "ದೊಡ್ಡವ್ವ" ಅಂದ. ಮಾರನೆಯ ದಿನ ಅವಳು ಅವನ ತಟ್ಟೆಗೆ ಸೀಗಡಿ ಅನ್ನ ಬಡಿಸಿ ಅಂಗಳಕ್ಕೆ ಎದ್ದುಹೋದಳು. ಅವನು ಕ್ಷಮಿಸು ಅನ್ನಲು ಬಾಯಿ ತೆರೆದ. ಬಂದದ್ದು ಪಾದ್ರಿಯ ದನಿಯಂತಿತ್ತು, ಬಾಯಿ ಮುಚ್ಚಿಕೊಂಡ. ಗೋಡೆಯ ತೂತಿಗೆ ಗೋಣಿಚೀಲ ಕಟ್ಟುತ್ತೇನೆಂದು ಹೋದರೆ ಅವಳು ಆ ಚೀಲವನ್ನೂ ಕಸಿದುಕೊಂಡು ಮಡಿಕೆ ಹಾಕಿ ಇಟ್ಟಳು.

ಸೋಮವಾರ ಕೋಳಿ ಕೂಗುವ ಹೊತ್ತಿಗೆ ಸುತ್ತಿಗೆ ಸದ್ದಿಗೆ ಅವನಿಗೆ ಎಚ್ಚರವಾಯಿತು. ಜಮೀನಿಗೆ ಬರುವ ಮಣ್ಣುದಾರಿಯ ಬಾಯಲ್ಲಿ ಡಾರ್ಕಸ್ ಎರಡು ಗೂಟ ನೆಟ್ಟಿದ್ದಳು. ಗೂಟಗಳಿಗೆ ಅಡ್ಡಲಾಗಿ ಹಲಗೆ ಎತ್ತಿ, ಒಂದು ತುದಿಗೆ ಮೊಳೆ ಹೊಡೆದಿದ್ದಳು. ಇನ್ನೊಂದು ತುದಿಯನ್ನು ಮೊಣಕಾಲಿನಿಂದ ಆನಿಸಿಕೊಂಡು ನಿಂತಿದ್ದಳು. ಬರಹ ರಸ್ತೆಯ ಕಡೆಗಿತ್ತು. ಹೆಜೆಕಾಯ ಓಡಿಹೋಗಿ ಆ ತುದಿಗೆ ಹೆಗಲು ಕೊಟ್ಟ. ಈ ಸಲ ಅವಳು ಮೈ ತಿರುಗಿಸಲಿಲ್ಲ. ಅವನ ಮುಖವನ್ನೂ ನೋಡಲಿಲ್ಲ.

ಕಂಪನಿಯ ಯಂತ್ರ ಅಷ್ಟು ಹೊತ್ತಿಗೆ ಬಂತು. ಮರಗಳನ್ನು ಬುಡಸಮೇತ ಮಗುಚುವ ಹಳದಿ ಯಂತ್ರ. ಅದರ ಮುಂದೆ ಜೀಪಿನಲ್ಲಿ ಮೂರು ಕಾಲಿನ ದುರ್ಬೀನು ಹೊತ್ತ ಸರ್ವೆಯವನು. ಹಲಗೆ ಕಂಡು ಜೀಪು ನಿಂತಿತು. ಅವನು ಇಳಿದು ಬಂದ.

"ಏನಯ್ಯ ಇದು? ಕಾರ್ಸೆಟ್ ಅಂಗಡಿ ಇಟ್ಟಿದೀರಾ?"

ಹೇಳುತ್ತಲೇ ಅವನ ತುಟಿ ನಗಲು ತಯಾರಾಗಿತ್ತು. ಅವನು ಹೆಜೆಕಾಯನ ಕಡೆ ನೋಡಿದ, ಉಳಿದ ನಗುವನ್ನು ಅವನು ಕೊಡುತ್ತಾನೆಂಬಂತೆ. ಹೆಜೆಕಾಯನ ಗಂಟಲಿಗೆ ಏನೋ ಬಂತು. ಬಂದದ್ದು ಯಾರ ದನಿಯೆಂದು ಅವನು ನೋಡಲು ಹೋಗಲಿಲ್ಲ. ನುಂಗಿಕೊಂಡು ಹಲಗೆಗೆ ಹೆಗಲು ಒತ್ತಿದ.

"ಓದು," ಅಂದಳು ಡಾರ್ಕಸ್.

"ಏನು?"

"ಕಣ್ಣವಲ್ಲ? ಓದು. ಒಂದಕ್ಷರ ಬುಡಂಗಿಲ್ಲ. ಓದಿ ಮುಗ್ಸಾಗಂಟ ಇತ್ಲಾಗೆ ಕಾಲಿಕ್ಕಂಗಿಲ್ಲ. ಎದೆಯೇರಿನೇ ಇಕ್ಕಿಲ್ಲ ಇಷ್ಟು ದಿನ, ನೀನ್ಯಾವ ಸೀಮೆಯೋನು."

ಸರ್ವೆಯವನು ಹಿಂದಕ್ಕೆ ತಿರುಗಿ ಯಂತ್ರದವನಿಗೆ ತಡಿ ಎಂದು ಕೈ ಮಾಡಿದ. ಯಂತ್ರದವನು ನಿಲ್ಲಿಸಿದ, ಆದರೆ ಇಂಜಿನ್ ಆರಿಸಲಿಲ್ಲ. ಅದು ಗುಡುಗುಡು ಅನ್ನುತ್ತಲೇ ಇತ್ತು, ಹಲಗೆ ಅದಕ್ಕೆ ನಡುಗುತ್ತಿತ್ತು. ಸರ್ವೆಯವನು ಜೇಬಿನಿಂದ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿ ಮೂಗಿಗೇರಿಸಿದ. ಹತ್ತಿರ ಬಂದು ಬಗ್ಗಿದ. ಮಲಬದ್ಧತೆಯಿಂದ ಶುರುಮಾಡಿದ. ಅವನ ತುಟಿಗಳು ಅಲ್ಲಾಡುತ್ತಿದ್ದವು.

ಡಾರ್ಕಸ್ ಹಿಂತಿರುಗಿ ನೋಡದೆ ಹೆಜೆಕಾಯನ ಕಡೆಗೆ ಕೈ ಚಾಚಿದಳು.

"ಮೊಳೆ," ಅಂದಳು.